ಮೂರು ಸಲ ಕಟ್ಟಿದ ಚೀಲ

ಅಮರೇಶ ಕಳಿಸಿದ ಪಟ್ಟಿಯಲ್ಲಿ ಹದಿನಾರು ಸಾಮಾನುಗಳಿದ್ದವು. ಶಿವಗಂಗಾ ಅದನ್ನು ಇಳಕಲ್‌ನಿಂದ ಹುನಗುಂದಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಓದಿದಳು.

ಬಿಸಿಲಿಗೆ ಹಚ್ಚುವ ಕ್ರೀಮು. ಸೊಳ್ಳೆಗೆ ಹಚ್ಚುವುದು. ಹತ್ತಿ ಬಟ್ಟೆ ಮಾತ್ರ. ಅಲ್ಲಿಯ ಗೋಡೆಗೆ ಹೊಂದುವ ಅಡಾಪ್ಟರ್. ಒದ್ದೆಯಾದರೂ ಜಾರದ ಚಪ್ಪಲಿ. ಅವ್ವನ ಕೈಯ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಐವತ್ತು. ಅಲ್ಲಿಯವರೆಗೆ ಓದಿ ಅವಳು ಒಳಗೊಳಗೇ ನಕ್ಕಳು. ಆಮೇಲೆ ನಗು ನಿಂತಿತು. ಗಟ್ಟಿ ಟಾರ್ಚು ಎರಡು. ನೀರು ಶುದ್ಧ ಮಾಡುವ ಗುಳಿಗೆ. ಹತ್ತು ಮೀಟರ್ ನೈಲಾನ್ ಹಗ್ಗ. ಪಾಸ್‌ಪೋರ್ಟ್ ಇಡಲು ನೀರಿಳಿಯದ ಚೀಲ. ಒಂದು ಸೀಟಿ.

ಹನಿಮೂನಿಗೆ ಹೊರಟವಳಿಗೆ ಸೀಟಿ ಯಾಕೆ?

ಮದುವೆಯಾಗಿ ಹತ್ತು ತಿಂಗಳಾಗಿತ್ತು. ಗಂಡನ ಜೊತೆ ಇದ್ದದ್ದು ಒಂಬತ್ತು ದಿನ. ಇಳಕಲ್‌ನ ಕೆಂಪು ಕಲ್ಲನ್ನು ಸೇಂಟ್ ಅವ್ರಿಲ್ ಎಂಬ ಕೆರಿಬಿಯನ್ ದ್ವೀಪದ ಹೋಟೆಲೊಂದು ತರಿಸಿಕೊಂಡಿತ್ತು. ಕಲ್ಲು ಹಡಗಿನಲ್ಲಿ ಹೋಯಿತು. ಕಲ್ಲು ಕೂರಿಸುವ ಮೇಸ್ತ್ರಿ ಅಮರೇಶ ಅದರ ಹಿಂದೆಯೇ ವಿಮಾನದಲ್ಲಿ ಹೋದ. ದ್ವೀಪದ ಹೆಸರು ಅತ್ತೆ ಇಂದ್ರಾಬಾಯಿಯ ನಾಲಗೆಗೆ ಹೊರಳಲಿಲ್ಲ. ಆಕೆ ಅದನ್ನು ಅವರಿಕಾಯಿ ಊರು ಎನ್ನುತ್ತಿದ್ದರು.

ಆ ಒಂಬತ್ತು ದಿನಗಳಲ್ಲಿ ಒಂದು ದಿನ ಇಬ್ಬರೂ ಬಾದಾಮಿಗೆ ಹೋಗಿದ್ದರು. ಕೆರೆಯ ಮೆಟ್ಟಿಲ ಮೇಲೆ ಕೂತಾಗ ಅಮರೇಶ ಹೆಂಡತಿಯ ಮುಖ ಬಿಟ್ಟು ಮೆಟ್ಟಿಲನ್ನೇ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ.

"ಕಲ್ಲ ನೋಡಾಕ ಬಂದೀರೇನು?" ಎಂದಳು ಅವಳು.

"ನಿನ್ನ ನೋಡಾಕ ಧೈರ್ಯ ಸಾಲವಲ್ದು. ಅದಕ್ಕ ಕಲ್ಲ ನೋಡಾಕತ್ತೇನಿ."

ಹೇಳಿ, ಕಣ್ಣೆತ್ತಿ, ಅರೆಕ್ಷಣ ನೋಡಿ, ಮತ್ತೆ ಮೆಟ್ಟಿಲಿಗೆ ಇಳಿದಿದ್ದ. ಆ ಅರೆಕ್ಷಣವನ್ನು ಅವಳು ಹತ್ತು ತಿಂಗಳಿಂದ ಸ್ವಲ್ಪಸ್ವಲ್ಪವೇ ಖರ್ಚು ಮಾಡುತ್ತಿದ್ದಳು.

ಉಳಿದ ಪ್ರೀತಿಯೆಲ್ಲ ಫೋನಿನಲ್ಲೇ ಆದದ್ದು. ದಿನಾ ಬೆಳಿಗ್ಗೆ ಆರೂವರೆಗೆ ಅವಳು ಮಾಳಿಗೆ ಹತ್ತುವಳು. ಅವನಿಗೆ ಅದು ಹಿಂದಿನ ದಿನದ ರಾತ್ರಿಯೂಟ ಮುಗಿದ ಹೊತ್ತು.

"ನಾ ಇನ್ನೂ ನಿನ್ನೆದಾಗ ಅದೇನಿ, ಗಂಗಾ. ನಾಳೆ ಹೆಂಗೈತಿ, ಹೇಳು."

"ನಿಮ್ಮ ನಾಳೆ ಛಲೋ ಐತ್ರಿ. ಸ್ವಲ್ಪ ಮೋಡ."

ಆ ಊರಿಗೆ ಹೋಗಲು ಅವಳು ಮೊದಲು ಚೀಲ ಕಟ್ಟಿದ್ದು ಫೆಬ್ರುವರಿಯಲ್ಲಿ. ಲಂಡನ್ನಿನಲ್ಲಿ ವಿಮಾನ ಬದಲಿಸುವುದಕ್ಕೇ ಬೇರೆ ವೀಸಾ ಬೇಕೆಂದು ಗೊತ್ತಾಗಿ ಬಿಚ್ಚಿದಳು. ವೀಸಾ ಸಿಕ್ಕ ಮೇಲೆ ಮೇ ತಿಂಗಳಲ್ಲಿ ಮತ್ತೆ ಕಟ್ಟಿದಳು. ಹೋಟೆಲಿನವರು ಅವನಿಗೆ ರಜೆ ಕೊಡಲಿಲ್ಲ. ಈಗ ಸೆಪ್ಟೆಂಬರ್ ಇಪ್ಪತ್ತರ ಟಿಕೆಟ್ ಕೈಯಲ್ಲಿತ್ತು. ಆ ತಿಂಗಳು ಪ್ರವಾಸಿಗಳು ಬರುವುದಿಲ್ಲವಂತೆ, ಕಡಲಿಗೆ ಮುಖ ಮಾಡಿದ ಕೋಣೆಯೊಂದನ್ನು ಮ್ಯಾನೇಜರ್ ಹನ್ನೆರಡು ದಿನ ಬಿಟ್ಟುಕೊಟ್ಟಿದ್ದ. ಪ್ರವಾಸಿಗಳು ಯಾಕೆ ಬರುವುದಿಲ್ಲ ಎಂದು ಕೇಳಿದಾಗ ಅಮರೇಶ, "ಮಳಿಗಾಲ" ಎಂದಷ್ಟೇ ಹೇಳಿದ್ದ.

ಪಟ್ಟಿ ಬರುವುದಕ್ಕೆ ಎರಡು ದಿನ ಮೊದಲು, ಏನೂ ಕಾರಣ ಹೇಳದೆ ಅವನು ಕೇಳಿದ್ದ: "ಗಂಗಾ, ಇದನ್ನ ಡಿಸೆಂಬರಿಗೆ ಹಾಕೂಣೇನು?"

ಅವಳಿಗೆ ಅಳು ಬರುವ ಬದಲು ಸಿಟ್ಟು ಬಂತು. ಹುನಗುಂದದಲ್ಲಿ ಅವಳು ಕೆಲಸಕ್ಕಿದ್ದ ಔಷಧದ ಅಂಗಡಿಯ ಮಾಲೀಕರು, ಓಣಿಯವರು, ತವರಿನವರು, ಎಲ್ಲರೂ "ಯಾವಾಗ ಹೊರಟೀ?" ಎಂದು ಕೇಳಿ ಕೇಳಿ, ಈಗೀಗ ಕೇಳುವುದನ್ನೇ ಬಿಟ್ಟಿದ್ದರು. ಕೇಳದಿರುವುದೇ ಹೆಚ್ಚು ಚುಚ್ಚುತ್ತಿತ್ತು.

"ನಾ ಬರೂದು ಬ್ಯಾಡ ಅಂದ್ರ ಬ್ಯಾಡ ಅನ್ರಿ. ಇದೊಂದ ಸಲ ತಪ್ಪಿತಂದ್ರ ನಾ ಮತ್ತ ಚೀಲಾ ಕಟ್ಟಾಕಿ ಅಲ್ಲ. ನೀವು ಅಲ್ಲೇ ಇರ್ರಿ, ನಾ ಇಲ್ಲೇ ಇರ್ತೇನಿ."

ಆ ಕಡೆಯಿಂದ ಕಡಲೋ ಉಸಿರೋ ತಿಳಿಯದ ಒಂದು ಮೊರೆತ ಮಾತ್ರ ಕೇಳುತ್ತಿತ್ತು.

"ಇಲ್ಲ, ಸುಮ್ನ ಕೇಳಿದೆ," ಎಂದ. "ಇಪ್ಪತ್ತಕ್ಕ ಬಾ."

ಆಮೇಲೆ ಬಂದದ್ದು ಈ ಪಟ್ಟಿ. ಮರುದಿನ ಬೆಳಿಗ್ಗೆ ಅವಳು ಸೀಟಿಯ ಮಾತೆತ್ತಿದಳು.

"ನೀ ಸಣ್ಣಾಕಿ. ಗದ್ದಲದಾಗ ಕಳದ್ರ ಊದು, ಬಂದು ಹಿಡೀತೇನಿ," ಎಂದು ಅವನು ನಕ್ಕ. ನಗು ಸ್ವಲ್ಪ ಬೇಗನೆ ಮುಗಿಯಿತು.

ಔಷಧದ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಪೂರ್ತಿ ಓದುವುದು ಶಿವಗಂಗಾಳ ಚಟ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಫೋನಿನಲ್ಲಿ ಆ ಕಡಲಿನ ವಿಷಯ ಓದುತ್ತ ಕೂತಳು. ಅಲ್ಲಿ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಸೆಪ್ಟೆಂಬರ್ ಎಲ್ಲಕ್ಕಿಂತ ಕೆಟ್ಟದ್ದು. ಹಗ್ಗ, ಗುಳಿಗೆ, ಟಾರ್ಚು ಎಲ್ಲ ಒಮ್ಮೆಲೇ ಅರ್ಥವಾದವು. ಅರ್ಥವಾದರೂ ಅವನನ್ನು ಕೇಳಲಿಲ್ಲ. ಕೇಳಿದರೆ ಮತ್ತೆ ಡಿಸೆಂಬರ್ ಎನ್ನುವನೇನೋ ಎಂಬ ಹೆದರಿಕೆ.

ಹೀಗೆ ಇಬ್ಬರೂ ಒಂದೇ ಮಾತನ್ನು ಬಚ್ಚಿಟ್ಟುಕೊಂಡು ಮೂರು ವಾರ ನಗುತ್ತ ಮಾತಾಡಿದರು.

ಮನೆಯಲ್ಲಿ ತಯಾರಿ ಜೋರಾಗಿ ನಡೆಯಿತು. ಇಂದ್ರಾಬಾಯಿ ರೊಟ್ಟಿ ತಟ್ಟಿ, ಒಣಗಿಸಿ, ಮುರಿಯದಂತೆ ಸ್ಟೀಲಿನ ಡಬ್ಬಿಯಲ್ಲಿ ಜೋಡಿಸಿದರು. ಗೋಪುರದ ಚಿತ್ತಾರವಿರುವ ಟೋಪಿ ಸೆರಗಿನ ಇಳಕಲ್ ಸೀರೆಯೊಂದನ್ನು ತಂದು ಬಟ್ಟೆಗಳ ಮೇಲಿಟ್ಟರು.

"ಅತ್ತಿ, ಅಲ್ಲಿ ಉಸುಕಿನ್ಯಾಗ ಸೀರಿ ಯಾರು ಉಡ್ತಾರ?"

"ಉಡಬ್ಯಾಡ. ಅಂವಗ ತೋರಿಸಿದ್ರ ಸಾಕು."

ಮಾವ ಹೊಳಬಸಪ್ಪ ಮೂವತ್ತು ವರ್ಷ ಕಲ್ಲಿನ ಗಣಿಯಲ್ಲಿ ಬಂಡೆ ಸಿಡಿಸುವ ಮದ್ದು ತುಂಬಿದವರು. ಮಾತು ಕಡಿಮೆ. ಸೊಸೆ ತಂದ ಹಗ್ಗವನ್ನು ಕೈಯಲ್ಲಿ ಎಳೆದು, ತುದಿ ಬಿಚ್ಚದಂತೆ ದೀಪದ ಕುಡಿಗೆ ಹಿಡಿದು ಕರಗಿಸಿಕೊಟ್ಟರು. ಯಾಕೆಂದು ಕೇಳಲಿಲ್ಲ. ಆದರೆ ಅಂದಿನಿಂದ ದಿನಾ ಸಂಜೆ, "ಏನಂದ ಇವತ್ತ?" ಎಂದು ವಿಚಾರಿಸತೊಡಗಿದರು.

ಸೆಪ್ಟೆಂಬರ್ ಎಂಟರಂದು ಫೋನಿನ ನಕಾಶೆಯಲ್ಲಿ, ಆಫ್ರಿಕಾದಿಂದ ಪಶ್ಚಿಮಕ್ಕೆ, ಒಂದು ಬಿಳಿ ಕಲೆ ಕಾಣಿಸಿತು. ಹಾಲು ಒಡೆದಂತೆ ಚದುರಿಕೊಂಡಿತ್ತು. ಒಂಬತ್ತಕ್ಕೆ ಅದು ತಿರುಗಲು ಶುರುಮಾಡಿತು. ಹತ್ತಕ್ಕೆ ಅದರ ನಡುವೆ ಒಂದು ಕಪ್ಪು ಚುಕ್ಕೆ ಮೂಡಿ, ಅದಕ್ಕೊಂದು ಹೆಸರಿಟ್ಟರು. ಅದರ ಮುಂದಿನ ದಾರಿಯನ್ನು ಗೆರೆ ಎಳೆದು ತೋರಿಸಿದ್ದರು. ಗೆರೆಯ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣದಾಗಿ ಸೇಂಟ್ ಅವ್ರಿಲ್ ಇತ್ತು.

ಹನ್ನೊಂದರ ಬೆಳಿಗ್ಗೆ ಅವಳು ಕೇಳಿಯೇಬಿಟ್ಟಳು. "ತೂಫಾನ ಬರಾಕತ್ತೈತಿ. ನಂಗ ಯಾಕ ಹೇಳಲಿಲ್ಲ?"

"ನಿಂಗ ಗೊತ್ತಿತ್ತೇನು?"

"ಗೊತ್ತಿತ್ತು."

"ನೀ ಯಾಕ ಕೇಳಲಿಲ್ಲ ಮತ್ತ?"

ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಮೆಲ್ಲಗೆ ಹೇಳಿದ, "ಇವತ್ತ ಕಡಲ ಭಾಳ ಸಪಾಟ ಐತಿ, ಗಂಗಾ. ಪಾಲಿಶ್ ಕೊಟ್ಟ ಕಲ್ಲಿನಂಗ. ಹಕ್ಕಿ ಒಂದೂ ಇಲ್ಲ. ನಾಯಿಗೋಳು ಸುದ್ದಾ ಗುಡ್ಡ ಹತ್ಯಾವು."

"ವಿಮಾನ ಇಲ್ಲೇನ್ರಿ? ಎಲ್ಲಾರೂ ಹೊಂಟಾರಂತ ಓದಿದೆ."

"ಸೀಟ ಸಿಗಲಿಲ್ಲ. ನೀ ಚಿಂತಿ ಮಾಡಬ್ಯಾಡ. ನಾ ಕಟ್ಟಿದ ಗ್ವಾಡಿ ಐತಲ್ಲ, ಅದರ ಹಿಂದ ಕುಂದ್ರತೇನಿ."

ಸಂಜೆ ಅವಳು ಹಕ್ಕಿಗಳ ಮಾತನ್ನು ಮಾವನಿಗೆ ಹೇಳಿದಳು. ಹೊಳಬಸಪ್ಪ ಕಟ್ಟೆಯ ಮೇಲೆ ಕೂತು ಅಂಗೈ ನೋಡಿಕೊಂಡರು.

"ಬತ್ತಿ ಹಚ್ಚಿದ ಮ್ಯಾಲ, ಸಿಡಿಯೂಕಿಂತ ಮೊದಲ, ಗಣಿಯೊಳಗ ಹಂಗ ಗಪ್ಪ ಆಕ್ಕಿತ್ತು," ಎಂದರು. ಎಂದ ಮೇಲೆ ಅನ್ನಬಾರದಿತ್ತೆಂದು ಅನಿಸಿತೇನೋ, ಎದ್ದು ಒಳಗೆ ಹೋದರು.

ಹನ್ನೆರಡರ ಬೆಳಿಗ್ಗೆ ಫೋನು ಆರೂವರೆಗಿಂತ ಮೊದಲೇ ಬಂತು. ಮಾಳಿಗೆ ಹತ್ತುವಷ್ಟು ವ್ಯವಧಾನವಿಲ್ಲದೆ ಅವಳು ಅಡುಗೆಮನೆಯಲ್ಲೇ ಎತ್ತಿಕೊಂಡಳು. ಆ ಕಡೆ ಗಾಳಿಯ ಸದ್ದು ಗಾಳಿಯಂತಿರಲಿಲ್ಲ. ಕಲ್ಲು ಕೊಯ್ಯುವ ದೊಡ್ಡ ಗರಗಸ ನಿಲ್ಲದೆ ತಿರುಗಿದಂತಿತ್ತು.

"ಗಂಗಾ, ಕೇಳಸ್ತೈತಿ?"

"ಕೇಳಸ್ತೈತ್ರಿ. ಎಲ್ಲಿ ಅದೀರಿ?"

"ಸಾಮಾನಿನ ಕ್ವಾಣ್ಯಾಗ. ಐದ ಮಂದಿ ಅದೇವಿ. ಛಾವಣಿ ಒಂದ ಬದಿ ಎದ್ದೈತಿ. ನೋಡು, ಒಂದ ಮಾತ ಹೇಳಬೇಕಿತ್ತು. ಆವತ್ತ ನೀ ಚೀಲಾ ಕಟ್ಟೂದಿಲ್ಲ ಅಂದಿ ನೋಡು, ಆವತ್ತ ನಾ..."

ಅಷ್ಟೇ. ಕರೆ ಕಡಿಯಿತು ಎಂದು ಫೋನು ತೋರಿಸಿತು. ಒಲೆಯ ಮೇಲೆ ಚಹಾ ಉಕ್ಕಿ ಹರಿದರೂ ಅವಳು ಹಾಗೆಯೇ ನಿಂತಿದ್ದಳು.

ಆಮೇಲೆ ಆರು ದಿನ ಅವನಿಂದ ಏನೂ ಇಲ್ಲ. ನಕಾಶೆಯ ಬಿಳಿ ಸುಳಿ ದ್ವೀಪವನ್ನು ದಾಟಿ ಉತ್ತರಕ್ಕೆ ಹೋಗಿ, ಕಡಲ ಮೇಲೆಯೇ ಚದುರಿಹೋಯಿತು. ಟಿವಿಯಲ್ಲಿ ಆ ಊರನ್ನು ಎಂಟು ಸೆಕೆಂಡು ತೋರಿಸಿದರು: ತೊಗಟೆ ಸುಲಿದಂತೆ ನಿಂತ ಮರಗಳು, ಗುಡ್ಡದ ಮೇಲೆ ಬಂದು ಕೂತ ಒಂದು ದೋಣಿ. ಶಿವಗಂಗಾ ಆ ಎಂಟು ಸೆಕೆಂಡುಗಳನ್ನು ಫೋನಿನಲ್ಲಿ ಹುಡುಕಿ ಮತ್ತೆ ಮತ್ತೆ ನಿಲ್ಲಿಸಿ ನೋಡಿದಳು. ಭಾರತದ ದೂತಾವಾಸಕ್ಕೆ ಇ-ಮೇಲ್ ಮಾಡಿದಳು. ಅವರು ಅವನ ಪಾಸ್‌ಪೋರ್ಟ್ ನಂಬರ್ ಬರೆದುಕೊಂಡು, ದ್ವೀಪದಲ್ಲಿ ಫೋನು ಕರೆಂಟು ಎರಡೂ ಇಲ್ಲ, ಕಾಯಿರಿ ಎಂದರು.

ನಾಲ್ಕನೆಯ ದಿನ ಒಂದು ಫೋನು ಬಂತು. ಅಮರೇಶನ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುನಗುಂದದ ರಾಹುಲ. ತೂಫಾನಿಗೆ ಮೊದಲೇ ಕೊನೆಯ ವಿಮಾನ ಹಿಡಿದು ಬಾರ್ಬಡೋಸಿಗೆ ಬಂದು ಉಳಿದಿದ್ದ. ಅತ್ತೆ ಮಾವ ಇಬ್ಬರಿಗೂ ಕೇಳಲೆಂದು ಅವಳು ಸ್ಪೀಕರ್ ಹಾಕಿದಳು.

"ಅಣ್ಣಾರ ಸುದ್ದಿ ಇನ್ನೂ ಇಲ್ಲರಿ, ವೈನಿ," ಎಂದ ರಾಹುಲ. "ಅವರಿಗೂ ಸೀಟ ಇತ್ತರಿ. ನನ್ನ ಬಾಜೂಕನ. ಲೈನ್ದಾಗ ನಿಂತಾವ್ರು ಹೊರಗ ಬಂದ್ಬಿಟ್ರು."

"ಯಾಕ?"

"ಈಗ ಬಿಟ್ಟು ಹ್ವಾದ್ರ ಕೆಲಸದ ಪರ್ಮಿಟ್ ರದ್ದ ಆಗ್ತೈತಿ, ಮತ್ತ ಒಳಗ ಬಿಡೂದಿಲ್ಲ ಅಂದ್ರು. ಆಕಿ ಇಪ್ಪತ್ತಕ್ಕ ಬರ್ತಾಳ, ಈ ಸಲ ತಪ್ಪಿದ್ರ ಆಕಿ ಮತ್ತ ಬರೂದಿಲ್ಲ ಅಂದ್ರು. ನಾ ಭಾಳ ಹೇಳಿದೆರಿ. ಕೇಳಲಿಲ್ಲ."

ಫೋನು ಇಟ್ಟ ಮೇಲೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಶಿವಗಂಗಾ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮಂಚದ ಮೇಲೆ ಚೀಲ ಬಾಯಿ ತೆರೆದು ಕೂತಿತ್ತು. ಸಿಟ್ಟಿನಲ್ಲಿ ಆಡಿದ ಒಂದು ಮಾತು ಅಷ್ಟು ದೂರ ಹೋಗಿ ಒಬ್ಬ ಮನುಷ್ಯನನ್ನು ಸಾಲಿನಿಂದ ಹೊರಗೆ ಎಳೆಯಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ತನ್ನನ್ನು ಅಷ್ಟು ಬಯಸಿದ್ದಾನೆಂಬುದೂ ಗೊತ್ತಿರಲಿಲ್ಲ. ಎರಡೂ ಒಟ್ಟಿಗೇ ತಿಳಿದು, ಯಾವುದಕ್ಕೆ ಅಳುತ್ತಿದ್ದೇನೆಂದು ತಿಳಿಯದೆ ಅತ್ತಳು.

ಎರಡು ದಿನ ಇಂದ್ರಾಬಾಯಿ ಸೊಸೆಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ತಾಟಿನಲ್ಲಿ ಅನ್ನ ಕಲಸಿಕೊಂಡು ಬಂದು ಅವಳ ಪಕ್ಕದಲ್ಲಿ ಕೂತರು.

"ಉಣ್ಣು," ಎಂದರು. "ನಿನ್ನ ಮ್ಯಾಲ ಸಿಟ್ಟ ಬಂದಿತ್ತು. ಖರೆ ಹೇಳತೇನಿ, ಭಾಳ ಬಂದಿತ್ತು. ಆಮ್ಯಾಲ ಕುಂತು ನೆನಸಿದೆ. ಇವರು ಗಣಿಗೆ ಹೋಗೂವಾಗ ನಾ ಇದಕ್ಕಿಂತ ಕೆಟ್ಟ ಮಾತ ಎಷ್ಟ ಆಡೇನಿ. ಅವರು ತಿರುಗಿ ಬಂದ್ರು, ಅದಕ್ಕ ಆ ಮಾತ ಯಾರಿಗೂ ನೆನಪಿಲ್ಲ."

ಶಿವಗಂಗಾ ಒಂದು ತುತ್ತು ನುಂಗಿದಳು. "ಅತ್ತಿ, ನಾ ಹೊಂಟೇನಿ."

"ಎಲ್ಲಿಗೆ?"

"ಟಿಕೆಟ್ ಐತಲ್ಲ. ದ್ವೀಪಕ್ಕ ಹೋಗೂ ಸಣ್ಣ ವಿಮಾನ ರದ್ದಾಗೈತಿ. ಬಾರ್ಬಡೋಸ್ ತನಕ ಹೋಗಾಕ ಬರ್ತೈತಿ. ಅಲ್ಲಿಂದ ಮುಂದ ದೋಣಿ ಸಿಕ್ರ ದೋಣಿ."

ಇಂದ್ರಾಬಾಯಿ ಬಾಗಿಲಲ್ಲಿ ನಿಂತ ಗಂಡನ ಕಡೆ ನೋಡಿದರು. ಹೊಳಬಸಪ್ಪ ತಲೆಯಾಡಿಸಿದರು. "ಹೋಗಲಿ. ಇಲ್ಲಿ ಕುಂತ್ರ ಹುಚ್ಚ ಹಿಡೀತೈತಿ."

ಅವಳು ಚೀಲವನ್ನು ಪೂರ್ತಿ ಬರಿದು ಮಾಡಿದಳು. ಹೂವಿನ ಫ್ರಾಕು, ಕಪ್ಪು ಕನ್ನಡಕ, ಬಿಸಿಲಿನ ಕ್ರೀಮು ಹೊರಗೆ ಬಂದವು. ಮಾರನೆಯ ದಿನ ಹುನಗುಂದದ ಅಂಗಡಿಗೆ ಹೋಗಿ, ಡಾಕ್ಟರ ಚೀಟಿ ಮಾಡಿಸಿಕೊಂಡು, ಗಾಯಕ್ಕೆ ಕಟ್ಟುವ ಬಟ್ಟೆ, ಹತ್ತಿ, ನಂಜಿಗೆ ಔಷಧ, ಜ್ವರದ ಗುಳಿಗೆ, ಭೇದಿಯಾದರೆ ಕುಡಿಸುವ ಪುಡಿ, ಮುರಿದ ಕೈಗೆ ಕಟ್ಟುವ ಜೋಲಿ, ಒಂದೊಂದಾಗಿ ಆರಿಸಿದಳು. ಮಾಲೀಕರು ಅಬ್ದುಲಸಾಬರು ಕೌಂಟರಿನ ಆ ಬದಿ ನಿಂತು ನೋಡುತ್ತಿದ್ದರು.

"ಇಷ್ಟೆಲ್ಲಾ ಯಾಕವ್ವಾ?" ಎಂದರು ಸಮಾಧಾನದಿಂದ.

"ಏನಾಗೈತೋ ಗೊತ್ತಿಲ್ಲರಿ. ಅದಕ್ಕ ಎಲ್ಲಾದಕ್ಕೂ ಒಯ್ಯಾಕತ್ತೇನಿ."

ಅವರು ಎಲ್ಲವನ್ನೂ ತಾವೇ ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಇಂಗ್ಲಿಷಿನಲ್ಲಿ ಔಷಧಗಳ ಹೆಸರು ಬರೆದು ಅಂಟಿಸಿದರು, ವಿಮಾನದಲ್ಲಿ ಯಾರೂ ತಡೆಯದಿರಲಿ ಎಂದು. ಅವಳಿಗೆ ಬೇಡವೆಂದರೂ ಒಂದು ವಿಚಾರ ಮತ್ತೆ ಮತ್ತೆ ಬರುತ್ತಿತ್ತು: ಈ ಪೆಟ್ಟಿಗೆಯಲ್ಲಿರುವುದೆಲ್ಲ ಬದುಕಿದವರಿಗೆ ಮಾತ್ರ ಬೇಕಾದದ್ದು.

ಹತ್ತೊಂಬತ್ತರ ಸಂಜೆ ಐದು ಗಂಟೆಗೆ ಬೆಂಗಳೂರಿನ ಬಸ್ಸು. ಇಳಕಲ್ ಬಸ್ ನಿಲ್ದಾಣದಲ್ಲಿ ಮಾವ ಚೀಲ ಹಿಡಿದು ನಿಂತಿದ್ದರು. ಬಸ್ಸು ಹಿಂದೆ ಸರಿದು ನಿಲ್ಲುತ್ತಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಎಂದೂ ಕಾಣದ ಉದ್ದನೆಯ ನಂಬರು. ಎತ್ತಿದರೆ ಮಾತು ಬರಲು ಎರಡು ಸೆಕೆಂಡು ತಡ.

"ಗಂಗಾ."

ಅವಳು ಕಂಬಕ್ಕೆ ಆನಿಕೊಂಡಳು. ಹೊಳಬಸಪ್ಪನವರಿಗೆ ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಚೀಲ ಕೆಳಗಿಟ್ಟು ಅಲ್ಲೇ ಕೂತುಬಿಟ್ಟರು.

"ಇದು ಪರಿಹಾರದವರ ಫೋನ್. ಎರಡ ನಿಮಿಷ ಕೊಟ್ಟಾರ. ಬದುಕೇನಿ. ಅವ್ವಗ ಹೇಳು."

"ಏನಾಗೈತಿ ನಿಮಗ?"

"ಏನೂ ಇಲ್ಲ."

ಔಷಧದ ಅಂಗಡಿಯಲ್ಲಿ ಏನೂ ಇಲ್ಲ ಎನ್ನುವವರನ್ನು ಅವಳು ದಿನಾ ನೋಡಿದವಳು. "ಏನಾಗೈತಿ, ಹೇಳ್ರಿ."

"ಬಲಗೈ. ಗ್ವಾಡಿ ಬಿತ್ತು. ನಾವಿಬ್ಬರ ಉಳದೇವಿ. ಬಾರ್ಬಡೋಸಿನ ದವಾಖಾನಿಗೆ ಒಯ್ಯತಾರಂತ ನಾಳೆ. ನೀ ಬರಬ್ಯಾಡ, ಗಂಗಾ. ಇಲ್ಲಿ ಕ್ವಾಣಿ ಇಲ್ಲ, ದಂಡಿ ಇಲ್ಲ, ಏನೂ ಉಳದಿಲ್ಲ. ಏನ್ ನೋಡಾಕ ಬರ್ತೀ?"

"ಬಸ್ ಬಂದೈತ್ರಿ," ಎಂದಳು ಅವಳು. "ಹತ್ತಾಕತ್ತೇನಿ."

ಮೂರು ವಿಮಾನ, ಎರಡು ದಿನ. ಬಾರ್ಬಡೋಸಿನ ಆ ಆಸ್ಪತ್ರೆಯ ಉದ್ದ ವರಾಂಡದಲ್ಲಿ ಮಂಚಗಳನ್ನು ಸಾಲಾಗಿ ಹಾಕಿದ್ದರು. ಅವಳು ಮೊದಲ ಸಲ ಅವನ ಮಂಚವನ್ನು ದಾಟಿ ಮುಂದೆ ಹೋದಳು. ಹತ್ತು ತಿಂಗಳ ಫೋನಿನಲ್ಲಿ ಅವಳು ಬೇರೊಬ್ಬ ಎತ್ತರದ ಮನುಷ್ಯನನ್ನು ಕಟ್ಟಿಕೊಂಡಿದ್ದಳು. ಇಲ್ಲಿ ಮಲಗಿದ್ದವನು ಸಣ್ಣಗಾಗಿದ್ದ, ಗಡ್ಡ ಬೆಳೆದಿತ್ತು, ಬಲಗೈ ಮೊಣಕೈವರೆಗೂ ಬಟ್ಟೆಯಲ್ಲಿತ್ತು.

"ಈ ಕಡೆ," ಎಂದ ಅವನು.

ಅವಳು ತಿರುಗಿ ಬಂದು ಸ್ಟೂಲಿನ ಮೇಲೆ ಕೂತಳು. ಇಬ್ಬರೂ ಸಂಕೋಚದಿಂದ ಒಬ್ಬರನ್ನೊಬ್ಬರು ನೋಡಿದರು. ಒಂಬತ್ತು ದಿನದ ಗುರುತು ಅಷ್ಟೇ ಅಲ್ಲವೆ.

"ಎರಡ ಬೆರಳ ತಗದಾರ," ಎಂದ ಅವನು, ಬೇಗ ಹೇಳಿ ಮುಗಿಸಿಬಿಡಬೇಕೆಂಬಂತೆ. "ಕಲ್ಲಿನ ಕೆಲಸ ಇನ್ನ ಮೊದಲಿನಂಗ ಆಗೂದಿಲ್ಲ. ಮೊದಲ ಹೇಳಬೇಕಿತ್ತು. ಬಾಯಿಲೆ ಬರಬ್ಯಾಡ ಅಂದೆ ಖರೆ, ಆದ್ರ ಇದನ್ನ ಹೇಳಿದ್ರ ನೀ ಬರ್ತಿದ್ದಿಲ್ಲ ಏನೋ ಅಂತ ಅಂಜಿಕಿ."

"ಇದೂ ಮುಚ್ಚಿಟ್ರಿ."

"ಹೂಂ."

"ಸೀಟನೂ ಮುಚ್ಚಿಟ್ರಿ."

ಅವನು ಮುಖ ಆ ಕಡೆ ತಿರುಗಿಸಿದ. "ರಾಹುಲ ಹೇಳಿದನೇನು?"

"ನನ್ನ ಮಾತಿಗೆ ಹೆದರಿ ಸಾಯಾಕ ನಿಂತ್ರಿ?"

"ಹೆದರಿ ಅಲ್ಲ. ಲೈನ್ದಾಗ ನಿಂತಾಗ ವಿಮಾನದ ಬಾಗಿಲ ಕಾಣ್ತಿತ್ತು. ಒಳಗ ಹ್ವಾದ್ರ ನಾ ಉಳೀತೇನಿ ಅಂತ ಗೊತ್ತಿತ್ತು. ಉಳದು ಇಳಕಲ್ಲಿಗೆ ಬಂದ್ರ ನೀ ನನ್ನ ಮಾರಿ ನೋಡತೀಯೋ ಇಲ್ಲೋ ಅಂತ ಗೊತ್ತಿದ್ದಿಲ್ಲ." ಅವನು ಬಟ್ಟೆ ಸುತ್ತಿದ ಕೈಯ ಕಡೆ ನೋಡಿದ. "ಗಂಗಾ, ನಾ ಸೇರಿ ಐದ ಮಂದಿ ಇದ್ವಿ. ಮೂರು ಮಂದಿ ನಾ ಕಟ್ಟಿದ ಗ್ವಾಡಿ ಕೆಳಗ ಹ್ವಾದ್ರು. ಅದು ಗಟ್ಟಿ ಐತಿ ಅಂತ ನಾನ ಹೇಳಿ ಕರಕೊಂಡ ಹೋಗಿದ್ದೆ."

ಅದಕ್ಕೆ ಅವಳ ಪೆಟ್ಟಿಗೆಯಲ್ಲಿ ಔಷಧವಿರಲಿಲ್ಲ. ಅವಳು ಸ್ಟೂಲನ್ನು ಮುಂದಕ್ಕೆ ಎಳೆದು ಅವನ ಎಡಗೈ ಹಿಡಿದುಕೊಂಡಳು. ಬಹಳ ಹೊತ್ತು ಅವನು ಸದ್ದಿಲ್ಲದೆ ಅತ್ತ. ಪಕ್ಕದ ಮಂಚದ ಮುದುಕಿ ಮರ್ಯಾದೆಯಿಂದ ಮಗ್ಗುಲು ಬದಲಿಸಿದಳು.

"ನಾ ಆವತ್ತ ಸುಳ್ಳ ಹೇಳಿದ್ದೆ," ಎಂದಳು ಶಿವಗಂಗಾ, ಅವನಿಗೆ ಸಮಾಧಾನವಾದ ಮೇಲೆ. "ಮತ್ತ ಚೀಲಾ ಕಟ್ಟೂದಿಲ್ಲ ಅಂದೆ ನೋಡ್ರಿ. ಹತ್ತ ಸಲ ಬಿಚ್ಚಿದ್ರೂ ಹತ್ತ ಸಲ ಕಟ್ಟತಿದ್ದೆ. ನೀವು ಕೇಳಿದ್ರ ಹೇಳ್ತಿದ್ದೆ. ಕೇಳಲಿಲ್ಲ."

ಅವನು ಈ ಸಲ ಕಣ್ಣು ಕೆಳಗಿಳಿಸದೆ ಅವಳನ್ನೇ ನೋಡುತ್ತಿದ್ದ. ನಾಚಿಕೆಯಾಗಿ ಅವಳೇ ಮುಖ ತಿರುಗಿಸಬೇಕಾಯಿತು.

"ಇನ್ನ ಮ್ಯಾಲ ಕೇಳತೇನಿ," ಎಂದ.

ಮುಂದಿನ ಒಂಬತ್ತು ದಿನ ಅವಳು ಆ ವರಾಂಡದಲ್ಲೇ ಇದ್ದಳು. ನರ್ಸುಗಳು ಅವಳಿಗೆ ಕೆಲಸ ಹಚ್ಚಿದರು. ಅವ್ರಿಲ್‌ನಿಂದ ಬಂದವರ ಗಾಯಕ್ಕೆ ಬಟ್ಟೆ ಬದಲಿಸುತ್ತ, ಔಷಧ ಹಂಚುತ್ತ ಅವಳ ದಿನ ಕಳೆಯುತ್ತಿತ್ತು. ಅವನು ಮಲಗಿದಲ್ಲಿಂದಲೇ ಅವಳು ಹೋದ ಕಡೆ ಕಣ್ಣು ಹೊರಳಿಸುವನು. ಅವಳಿಗೆ ಅದು ಬೆನ್ನಿನ ಮೇಲೆ ಬಿಸಿಲು ಬಿದ್ದಂತೆ ತಿಳಿಯುತ್ತಿತ್ತು.

ಇಬ್ಬರೂ ಊರಿಗೆ ಹೊರಡುವ ಹಿಂದಿನ ಸಂಜೆ ಅವನು ಕೇಳಿದ, "ಕಡಲ ಹೆಂಗೈತಿ?"

"ಎಲ್ಲಿ ನೋಡೇನಿ?"

"ಹತ್ತ ಹೆಜ್ಜಿ ಮ್ಯಾಲ ಐತಿ."

"ಸಿಟ್ಟಿತ್ತು ಅದರ ಮ್ಯಾಲ."

ಅವನು ಎದ್ದು, ಅವಳ ಹೆಗಲ ಮೇಲೆ ಎಡಗೈ ಇಟ್ಟು ನಡೆದ. ಇಬ್ಬರೂ ವರಾಂಡದ ಕೊನೆಗೆ ಬಂದು ನಿಂತರು. ಕಡಲು ತಾನೇನೂ ಮಾಡಿಲ್ಲವೆಂಬಂತೆ ನೀಲಿಯಾಗಿ, ಮೆತ್ತಗೆ, ದಂಡೆಗೆ ಬಂದು ಹೋಗುತ್ತಿತ್ತು. ಅವಳ ಹೆಗಲ ಮೇಲಿನ ಕೈ ನಡುಗತೊಡಗಿತು. ಅವಳು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು, ನಡುಕ ನಿಲ್ಲುವವರೆಗೂ ಬಿಡಲಿಲ್ಲ.